ಹಳೆಯ ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿ: ಎನ್‌ವಿಎಂಇ ಕೊಂಡು ಸಾಟಾಗೆ ಮರಳಿದ್ದು

ಮೊದಲೇ ಹೇಳಿಬಿಡುತ್ತೇನೆ: 2012ರ ಆಸುಪಾಸಿನ ಡೆಸ್ಕ್‌ಟಾಪ್ ನಿಮ್ಮಲ್ಲಿದ್ದರೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಕೇಬಲ್ಲಿಗೇ ಸಿಕ್ಕಿಸುವ, ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಹಾಕಿಕೊಂಡು ನಿಮ್ಮ ಕೆಲಸ ನೋಡಿಕೊಳ್ಳಿ. ನಾನು ಹಾಗೆ ಮಾಡಲಿಲ್ಲ. ಅದರ ಫಲವಾಗಿ ಮದುವೆ ಸೀಸನ್ನಿನ ನಡುವೆ ಒಂದು ಬೆಳಿಗ್ಗೆ ಅಂಗಡಿ ತೆರೆದಿಟ್ಟು ಕಪ್ಪು ಪರದೆಯನ್ನು ನೋಡುತ್ತ ಕುಳಿತಿದ್ದೆ.

ನಮ್ಮದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಜೆರಾಕ್ಸ್. ಕಂಪ್ಯೂಟರಿನಲ್ಲಿರುವುದು ಎಚ್61 ಮದರ್‌ಬೋರ್ಡ್, ಮೂರನೆಯ ತಲೆಮಾರಿನ ಐ5, 8 ಜಿಬಿ ರ‍್ಯಾಮ್. ನುಡಿ, ಪೇಜ್‌ಮೇಕರ್, ಹಳೆಯ ಪ್ರಿಂಟರಿನ ಡ್ರೈವರ್ ಎಲ್ಲವೂ ಅದರಲ್ಲಿ ಬೇರುಬಿಟ್ಟಿವೆ. ಹಾರ್ಡ್ ಡಿಸ್ಕ್ ಮಾತ್ರ ಮುದಿಯಾಗಿತ್ತು. ಗುಂಡಿ ಒತ್ತಿ, ಅಂಗಡಿ ಗುಡಿಸಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಬಂದರೂ ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು.

ಆಗ 500 ಜಿಬಿಯ ಎನ್‌ವಿಎಂಇ (ಸಾಟಾಗಿಂತ ಬಹಳ ವೇಗದ, ಹೊಸ ಬಗೆಯ ಎಸ್‌ಎಸ್‌ಡಿ), ಅಷ್ಟೇ ಜಾಗದ ಸಾಟಾಗಿಂತ ಇನ್ನೂರು ರೂಪಾಯಿಯಷ್ಟೇ ಹೆಚ್ಚಿತ್ತು. ಆಸೆಗೆ ಬಿದ್ದೆ. ಈ ಬೋರ್ಡಿನಲ್ಲಿ ಅದನ್ನು ಕೂರಿಸುವ ಎಂ.2 ಸ್ಲಾಟ್ ಇಲ್ಲವಾದ್ದರಿಂದ 350 ರೂಪಾಯಿಯ ಪಿಸಿಐಇ ಅಡಾಪ್ಟರನ್ನೂ ತರಿಸಿ, ಗ್ರಾಫಿಕ್ಸ್ ಕಾರ್ಡಿಗೆಂದು ಇರುವ ಉದ್ದನೆಯ ಸ್ಲಾಟಿನಲ್ಲಿ ಕೂರಿಸಿದೆ. ಹಳೆಯ ಡಿಸ್ಕಿನಿಂದ ಎದ್ದ ವಿಂಡೋಸ್ 10 ಅದನ್ನು ಆ ಕ್ಷಣವೇ ಗುರುತಿಸಿತು. ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡಿ ವಿಂಡೋಸನ್ನು ಎಬ್ಬಿಸುವ ಬಯೋಸ್‌ನ ಪಟ್ಟಿಯಲ್ಲಿ ಮಾತ್ರ ಅದರ ಸುಳಿವೇ ಇಲ್ಲ.

ಎನ್‌ವಿಎಂಇಯ ಮೊದಲ ನಿಯಮಾವಳಿ ಬಂದದ್ದೇ 2011ರಲ್ಲಿ. ಆ ಕಾಲದ ಬೋರ್ಡುಗಳ ಬಯೋಸ್‌ನಲ್ಲಿ ಅದರ ಡ್ರೈವರ್ ಇರುವುದಿಲ್ಲ. ಇಂಟೆಲ್‌ನ ಡೆಸ್ಕ್‌ಟಾಪ್ ಬೋರ್ಡುಗಳಿಗೆ ಅದು ವ್ಯಾಪಕವಾಗಿ ಸಿಕ್ಕಿದ್ದು 2014ರಲ್ಲಿ ಬಂದ 9 ಸರಣಿಯಿಂದ ಈಚೆಗೆ. ವಿಂಡೋಸ್ ಎದ್ದ ಮೇಲೆ ತನ್ನದೇ ಡ್ರೈವರಿನಿಂದ ಡಿಸ್ಕನ್ನು ಓದುತ್ತದೆ. ಆದರೆ ವಿಂಡೋಸನ್ನು ಎಬ್ಬಿಸಬೇಕಾದ ಬಯೋಸ್‌ಗೇ ಅದು ಮಲಗಿರುವ ಕೋಣೆ ಕಾಣಿಸುವುದಿಲ್ಲ.

‘ವಿಂಡೋಸನ್ನು ಎಬ್ಬಿಸುವ ಬೂಟ್ ಭಾಗವನ್ನು ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇಟ್ಟರಾಯಿತಲ್ಲ’ ಎಂದು ನಿಮಗೂ ಅನ್ನಿಸಬಹುದು. ನನಗೂ ಅನ್ನಿಸಿ ಒಂದು ಭಾನುವಾರ ಹಾಳಾಯಿತು. ವಿಂಡೋಸಿನ ಬೂಟ್ ಮ್ಯಾನೇಜರ್ ಮುಂದಿನ ಕಡತಗಳನ್ನು ಓದಲು ಮತ್ತೆ ಬಯೋಸ್‌ನ ಸಹಾಯವನ್ನೇ ಕೇಳುತ್ತದೆ, ಅಲ್ಲಿಗೆ ಕತೆ ಮುಗಿಯಿತು. ಲಿನಕ್ಸ್‌ನಲ್ಲಿ ಮಾತ್ರ ಈ ಉಪಾಯ ಸೊಗಸಾಗಿ ನಡೆಯುತ್ತದೆ: ಅದರ ತಿರುಳಾದ ಕರ್ನಲ್ ಹಳೆಯ ಡಿಸ್ಕಿನಿಂದ ಮೆಮೊರಿಗೆ ಬಂದರೆ ಸಾಕು, ಉಳಿದದ್ದನ್ನು ತನ್ನ ಡ್ರೈವರಿನಿಂದಲೇ ಓದಿಕೊಳ್ಳುತ್ತದೆ. ನೀವು ಲಿನಕ್ಸ್ ಬಳಸುವವರಾದರೆ ಮುಂದೆ ಓದಬೇಕಾಗಿಲ್ಲ.

ನಾನು ಹಿಡಿದ ದಾರಿ ಕ್ಲೋವರ್. ಒಂದು ಪೆನ್‌ಡ್ರೈವಿನಲ್ಲಿ ಈ ಬೂಟ್‌ಲೋಡರ್ (ವಿಂಡೋಸನ್ನು ಎಬ್ಬಿಸುವ ಸಣ್ಣ ತಂತ್ರಾಂಶ) ಹಾಕಿ, ಅದರ ಡ್ರೈವರುಗಳ ಫೋಲ್ಡರಿಗೆ ಎನ್‌ವಿಎಂಇ ಡ್ರೈವರ್ ಕಡತವನ್ನು ನಕಲಿಸಬೇಕು. ಬಯೋಸ್ ಪೆನ್‌ಡ್ರೈವನ್ನು ಎಬ್ಬಿಸುತ್ತದೆ, ಪೆನ್‌ಡ್ರೈವ್ ಎನ್‌ವಿಎಂಇಯನ್ನು ಎಬ್ಬಿಸುತ್ತದೆ. ನನ್ನ ಹಳೆಯ ವಿಂಡೋಸ್ ಡಿಸ್ಕನ್ನು ವಿಭಾಗಿಸುವ ಹಳೆಯ ಎಂಬಿಆರ್ ಪದ್ಧತಿಯದು. ಇಲ್ಲಿ ಹೊಸ ಪದ್ಧತಿಯಾದ ಜಿಪಿಟಿ ಬೇಕಾದ್ದರಿಂದ ಎಲ್ಲವನ್ನೂ ಹೊಸದಾಗಿ ಹಾಕಿದೆ. ಫಾಂಟುಗಳು, ಪ್ರಿಂಟರ್, ನುಡಿ ಎಂದು ಎರಡು ರಾತ್ರಿ ಹೋದವು. ಆಮೇಲೆ ಕಂಪ್ಯೂಟರ್ ನಲವತ್ತು ಸೆಕೆಂಡುಗಳಲ್ಲಿ ಸಿದ್ಧ. ಒಂದು ವಾರ ಬಂದವರಿಗೆಲ್ಲ ಆಫ್ ಮಾಡಿ ಆನ್ ಮಾಡಿ ತೋರಿಸಿದೆ.

ಡಿಟಿಪಿ ಅಂಗಡಿಗೆ ಬರುವವರೆಲ್ಲರ ಜೇಬಿನಲ್ಲೂ ಪೆನ್‌ಡ್ರೈವ್ ಇರುತ್ತದೆ ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ರಾತ್ರಿ ಗಿರಾಕಿಯೊಬ್ಬರು ಮರೆತುಹೋದ ಪೆನ್‌ಡ್ರೈವ್ ಕ್ಯಾಬಿನೆಟ್ಟಿನ ಮುಂದೆಯೇ ಉಳಿದರೆ, ಬೆಳಿಗ್ಗೆ ಬಯೋಸ್ ಅದನ್ನೇ ಮೊದಲನೆಯದೆಂದು ಎಣಿಸಿ, ಬೂಟ್ ಡಿಸ್ಕ್ ಇಲ್ಲ ಎಂಬ ಇಂಗ್ಲಿಷ್ ಸಾಲೊಂದನ್ನು ತೋರಿಸಿ ಸುಮ್ಮನಾಗುತ್ತಿತ್ತು. ಬೋರ್ಡಿನ ಸೆಟ್ಟಿಂಗುಗಳನ್ನು ನೆನಪಿಡುವ ಸಿಮಾಸ್ ಬ್ಯಾಟರಿಯೂ ಸತ್ತಿತ್ತು. ಹೀಗಾಗಿ ಕರೆಂಟು ಹೋಗಿ ಬಂದಾಗಲೆಲ್ಲ ಬೂಟ್ ಸರದಿ ಅಳಿಸಿಹೋಗಿ ಹಳೆಯ ಹಾರ್ಡ್ ಡಿಸ್ಕಿಗೆ ಮತ್ತೆ ಪಟ್ಟಾಭಿಷೇಕವಾಗುತ್ತಿತ್ತು. ಬ್ಯಾಟರಿ ಬದಲಿಸಲು ಮೂವತ್ತು ರೂಪಾಯಿ. ಅದೇ ಕಾರಣವೆಂದು ತಿಳಿಯಲು ಹನ್ನೊಂದು ದಿನ.

ಆಮೇಲೆ ಆ ಬೆಳಿಗ್ಗೆ ಬಂತು. ಕಂಪ್ಯೂಟರ್ ಆನ್ ಮಾಡಿದೆ, ಅದೇ ಸಾಲು. ಹಿಂದೆ ಬಗ್ಗಿ ನೋಡಿದರೆ ಕ್ಲೋವರ್ ಪೆನ್‌ಡ್ರೈವೇ ಇಲ್ಲ. ಅಂಗಡಿಯ ಹುಡುಗನನ್ನು ಕೇಳಿದೆ.

“ನಿನ್ನೆ ಸಂಜೆ ಪತ್ರಿಕೆ ಮಾಡಿಸಿದವರು ಬಂದಿದ್ದರಲ್ಲ ಅಣ್ಣ, ಅವರದ್ದೆಂದು ಕೊಟ್ಟು ಕಳಿಸಿದೆ.”

ಅವನ ಮೇಲೆ ಸಿಟ್ಟು ಮಾಡುವಂತಿರಲಿಲ್ಲ, ಎರಡೂ ಕೆಂಪು ಬಣ್ಣದವೇ. ಫೋನ್ ಮಾಡಿದರೆ ಅವರು ಪತ್ರಿಕೆ ಹಂಚಲು ಊರೂರು ಸುತ್ತುತ್ತಿದ್ದರು. ಇನ್ನೊಂದು ಪೆನ್‌ಡ್ರೈವ್ ತಯಾರಿಸೋಣವೆಂದರೆ ಅದಕ್ಕೂ ಒಂದು ಕಂಪ್ಯೂಟರ್ ಬೇಕು. ಮನೆಗೆ ಹೋದೆ, ಮಾಡಿದೆ, ಆದರೆ ಡ್ರೈವರ್ ಕಡತವನ್ನು ‘ಯುಇಎಫ್‌ಐ’ ಎಂಬ ಫೋಲ್ಡರಿನ ಬದಲು ಪಕ್ಕದ ‘ಬಯೋಸ್’ ಎಂಬ ಫೋಲ್ಡರಿಗೆ ಹಾಕಿದ್ದರಿಂದ ಕ್ಲೋವರಿಗೂ ಡಿಸ್ಕ್ ಕಾಣಲಿಲ್ಲ. ಮತ್ತೆ ಮನೆಗೆ. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಎರಡು ಪತ್ರಿಕೆಗಳ ಪ್ರೂಫ್ ಎದುರಿನ ಅಂಗಡಿಯ ಪಾಲಾಗಿತ್ತು. ಮೂರು ವಾರದ ಮೇಲೆ ಆ ಪೆನ್‌ಡ್ರೈವ್ ಮರಳಿತು, ಕ್ಲೋವರ್ ಅಳಿಸಿಹೋಗಿ, ತುಂಬ ಮದುವೆಯ ಫೋಟೋಗಳು. ಆಲ್ಬಮ್ ಮಾಡಿಕೊಡಬೇಕಂತೆ.

ಪೆನ್‌ಡ್ರೈವನ್ನು ಕ್ಯಾಬಿನೆಟ್ಟಿನ ಒಳಗೇ, ಬೋರ್ಡಿನ ಯುಎಸ್‌ಬಿ ಪಿನ್ನುಗಳಿಗೆ ಸಿಕ್ಕಿಸುವ ಸಣ್ಣ ಅಡಾಪ್ಟರ್ ಸಿಗುತ್ತದೆ. ಕ್ಲೋವರೇ ಬೇಕೆನ್ನುವವರು ಅದನ್ನು ಮೊದಲ ದಿನವೇ ಕೊಳ್ಳಿ. ನನಗೆ ಅಷ್ಟು ಹೊತ್ತಿಗೆ ತಾಳ್ಮೆ ಮುಗಿದಿತ್ತು.

ಮೂರನೆಯ ದಾರಿ ಬಯೋಸ್ ಕಡತದೊಳಗೇ ಎನ್‌ವಿಎಂಇ ಡ್ರೈವರನ್ನು ತೂರಿಸುವುದು. ಇದನ್ನು ಅಂಗಡಿಯಲ್ಲಿ ಮಾಡುವ ಧೈರ್ಯವಾಗದೆ ಮನೆಯ ಕಂಪ್ಯೂಟರಿನ ಮೇಲೆ ಪ್ರಯೋಗಿಸಿದೆ. ತಿದ್ದಿದ ಕಡತವನ್ನು ಬೋರ್ಡಿನ ಸ್ವಂತ ತಂತ್ರಾಂಶ ಒಪ್ಪಲಿಲ್ಲ. ರಿಪೇರಿ ಅಂಗಡಿಯ ಗೆಳೆಯ ಬಯೋಸ್ ಇರುವ ಎಂಟು ಕಾಲಿನ ಚಿಪ್ಪನ್ನು ಕಿತ್ತು, ಮೊದಲು ಹಳೆಯ ಬಯೋಸ್‌ನ ಪ್ರತಿ ತೆಗೆದಿಟ್ಟು, ಪ್ರೋಗ್ರಾಮರ್ ಎಂಬ ಸಾಧನದಿಂದ ಹೊಸದನ್ನು ಬರೆದುಕೊಟ್ಟ. ಅವತ್ತಿನಿಂದ ಬೂಟ್ ಪಟ್ಟಿಯಲ್ಲಿ ‘ಪಾಟಾ ಎಸ್‌ಎಸ್’ ಎಂಬ ವಿಚಿತ್ರ ಹೆಸರಿನಲ್ಲಿ ಡಿಸ್ಕ್ ಕಾಣುತ್ತದೆ. ಇಪ್ಪತ್ತು ಸೆಕೆಂಡಿನಲ್ಲಿ ವಿಂಡೋಸ್. ಪೆನ್‌ಡ್ರೈವಿನ ಹಂಗಿಲ್ಲ. ನಿಜ ಹೇಳಬೇಕೆಂದರೆ ಮೂರರಲ್ಲಿ ಅಚ್ಚುಕಟ್ಟಾದ ದಾರಿ ಇದೇ. ಆದರೆ ಚಿಪ್ ಸಾಕೆಟ್ಟಿನಲ್ಲಿರದೆ ಬೋರ್ಡಿಗೇ ಬೆಸೆದಿದ್ದರೆ ಅಥವಾ ಅಂಥ ಗೆಳೆಯ ಇರದಿದ್ದರೆ ನಾನಂತೂ ಕೈಹಾಕುವುದಿಲ್ಲ.

ಬಯೋಸ್‌ಗೆ ಬೇಕಾದ ಡ್ರೈವರನ್ನು ತಮ್ಮೊಳಗೇ ಹೊತ್ತು ತರುವ ಎಸ್‌ಎಸ್‌ಡಿಗಳೂ ಇದ್ದವು, ಸ್ಯಾಮ್‌ಸಂಗ್ 950 ಪ್ರೊ ಅಂಥದ್ದು. ಈಗ ಅದನ್ನು ಸೆಕೆಂಡ್ ಹ್ಯಾಂಡ್‌ನಲ್ಲೇ ಹುಡುಕಬೇಕು. ನಾನು ಹುಡುಕಲಿಲ್ಲ.

ಕೊನೆಗೆ 240 ಜಿಬಿಯ ಸಾಟಾ ಎಸ್‌ಎಸ್‌ಡಿ ತಂದೆ, 1,500 ರೂಪಾಯಿ. ಎಚ್61ರ ಸಾಟಾ ಪೋರ್ಟುಗಳು ಸೆಕೆಂಡಿಗೆ 3 ಗಿಗಾಬಿಟ್ಟಿನವು. ಎಂಥ ಎಸ್‌ಎಸ್‌ಡಿ ಹಾಕಿದರೂ ವೇಗ ಸೆಕೆಂಡಿಗೆ 270 ಎಂಬಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಎನ್‌ವಿಎಂಇ ಅದೇ ಬೋರ್ಡಿನಲ್ಲಿ ಸಾವಿರದ ಐನೂರು ದಾಟಿತ್ತು. ಆದರೂ ವಿಂಡೋಸ್ ಏಳಲು ಇಪ್ಪತ್ತೈದು ಸೆಕೆಂಡು, ಎಂದರೆ ಕ್ಲೋವರಿಗಿಂತ ಬೇಗ. ಲಗ್ನಪತ್ರಿಕೆಯ ಕಡತ ಎರಡರಲ್ಲೂ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹಳೆಯ ಹಾರ್ಡ್ ಡಿಸ್ಕಿನ ವಿಂಡೋಸನ್ನು ಇದ್ದ ಹಾಗೆಯೇ ಕ್ಲೋನ್ ಮಾಡಲು ಬಂತು. ಒಂದೂವರೆ ಗಂಟೆ, ಅಷ್ಟೇ. ನುಡಿ ಇದ್ದಲ್ಲೇ ಇತ್ತು, ಪ್ರಿಂಟರ್ ಮುನಿಸಿಕೊಳ್ಳಲಿಲ್ಲ. ಕೂರಿಸುವ ಬ್ರಾಕೆಟ್ ಕೂಡ ಕೊಳ್ಳದೆ ಎರಡು ಬದಿಯ ಟೇಪಿನಿಂದ ಅಂಟಿಸಿದ್ದೇನೆ.

ಈ ಬೋರ್ಡ್ ವಿಂಡೋಸ್ 11ರ ನಿಯಮಗಳಿಗೆ ಹೊಂದುವುದಿಲ್ಲ. ವಿಂಡೋಸ್ 10ರ ಉಚಿತ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಥ ಯಂತ್ರಕ್ಕೆ ಇದಕ್ಕಿಂತ ಹೆಚ್ಚು ದುಡ್ಡು ಸುರಿಯುವ ಮನಸ್ಸು ನನಗಿಲ್ಲ.

ಮೊದಲು ಕೊಂಡ ಎನ್‌ವಿಎಂಇ ಅದೇ ಅಡಾಪ್ಟರಿನಲ್ಲಿ ಈಗಲೂ ಇದೆ, ಎರಡನೆಯ ಡಿಸ್ಕಾಗಿ. ಬೂಟ್ ಮಾಡುವ ಹೊಣೆ ಇಲ್ಲದಿದ್ದರೆ ಅದರಷ್ಟು ಸಾಧು ಬೇರೊಂದಿಲ್ಲ. ಗಿರಾಕಿಗಳ ಫೋಟೋಗಳು, ಆಲ್ಬಮ್ಮುಗಳು ಎಲ್ಲ ಅದರಲ್ಲೇ. ಆ ಕೆಂಪು ಪೆನ್‌ಡ್ರೈವಿನ ಮದುವೆಯದೂ.