ಬಿಪಿಡಿ ಮುನ್ಸೂಚನೆಗೆ ಎನ್‌ಟಿ-ಪ್ರೊಬಿಎನ್‌ಪಿ ಪರೀಕ್ಷೆ: ತೆಗೆದ ರಕ್ತಕ್ಕೆ, ಕೊಟ್ಟ ದುಡ್ಡಿಗೆ ತಕ್ಕದ್ದೇ?

ತೀರಾ ಬೇಗ ಹುಟ್ಟಿದ ಕೂಸಿಗೆ, ಗರ್ಭದ ಲೆಕ್ಕದಲ್ಲಿ 36 ವಾರ ತುಂಬಿದ ಮೇಲೂ ಆಮ್ಲಜನಕವೋ ಸಿಪ್ಯಾಪೋ (ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಸಾಧನ) ವೆಂಟಿಲೇಟರೋ ಬೇಕೇ ಬೇಕು ಎಂದಾದರೆ ಆ ಶ್ವಾಸಕೋಶದ ಕಾಯಿಲೆಯನ್ನು ಬಿಪಿಡಿ (ಬ್ರಾಂಕೋಪಲ್ಮನರಿ ಡಿಸ್‌ಪ್ಲೇಸಿಯಾ) ಎನ್ನುತ್ತಾರೆ. ಇದನ್ನು ಮೊದಲ ವಾರದಲ್ಲೇ ಹಿಡಿಯಬಹುದು ಎಂದು ಹೆಸರು ಮಾಡಿರುವ ರಕ್ತದ ಗುರುತುಗಳು ಹಲವು: ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8, ಕೆಎಲ್-6, ಸಿಸಿ16, ಎಂಡೋಸ್ಟಾಟಿನ್. ಇವುಗಳಲ್ಲಿ ಹೆಚ್ಚಿನವು ಸಂಶೋಧನೆಯ ಕಿಟ್‌ಗಳಲ್ಲೇ ಉಳಿದಿವೆ. ಇಂಟರ್‌ಲ್ಯೂಕಿನ್-6 ಸಿಕ್ಕರೂ ಅದನ್ನು ಬರೆಸುವುದು ಸೋಂಕಿನ ಅನುಮಾನಕ್ಕೆ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಬಿಪಿಡಿ ಎಂದುಕೊಂಡು ಚೀಟಿ ಬರೆದರೆ ಅದೇ ದಿನ ವರದಿ ಕೈಗೆ ಬರುವುದು ಎನ್‌ಟಿ-ಪ್ರೊಬಿಎನ್‌ಪಿಯದ್ದು. ಹಾಗಾಗಿ ವಿಮರ್ಶೆ ಅದೊಂದರದ್ದೇ.

ಮೊದಲು ಒಂದು ಮಾತು. ಇದು ಶ್ವಾಸಕೋಶದಿಂದ ಬರುವ ವಸ್ತುವೇ ಅಲ್ಲ. ಹೃದಯದ ಗೋಡೆ ಹಿಗ್ಗಿದಾಗ ಅಲ್ಲಿನ ಕೋಶಗಳು ಪ್ರೊಬಿಎನ್‌ಪಿ ಬಿಡುತ್ತವೆ, ಅದು ತುಂಡಾಗಿ ಬಿಎನ್‌ಪಿ ಮತ್ತು ಎನ್‌ಟಿ-ಪ್ರೊಬಿಎನ್‌ಪಿ ಆಗುತ್ತದೆ. ಶ್ವಾಸಕೋಶ ಬಿಗಿದು ಅಲ್ಲಿನ ರಕ್ತನಾಳಗಳ ಒತ್ತಡ ಏರಿದರೆ ಬಲ ಹೃತ್ಕುಕ್ಷಿಗೆ ಹೊರೆ. ಹುಟ್ಟಿದ ಮೇಲೆ ಮುಚ್ಚಬೇಕಾದ ಹೃದಯದ ಬಳಿಯ ರಕ್ತನಾಳ (ಪಿಡಿಎ) ತೆರೆದೇ ಉಳಿದರೆ ಎಡಭಾಗಕ್ಕೆ ಹೊರೆ. ಎರಡರಲ್ಲೂ ಸಂಖ್ಯೆ ಏರುತ್ತದೆ. ಯಾವುದರಿಂದ ಏರಿತು ಎಂದು ವರದಿ ಹೇಳುವುದಿಲ್ಲ. ಸೆಪ್ಸಿಸ್ (ಮೈಯೆಲ್ಲ ಬಾಧಿಸುವ ತೀವ್ರ ಸೋಂಕು) ಇದ್ದರೂ ಏರುತ್ತದೆ. ಈ ವಸ್ತು ಹೊರಹೋಗುವುದು ಮುಖ್ಯವಾಗಿ ಮೂತ್ರಪಿಂಡದ ಮೂಲಕ, ಆದ್ದರಿಂದ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ರಕ್ತದ ಅಳತೆ) ಮೇಲಿರುವ ಕೂಸಿನಲ್ಲೂ ಹೆಚ್ಚು ಬರುತ್ತದೆ. ಅದೇ ದಿನ ಎಕೋ (ಹೃದಯದ ಸ್ಕ್ಯಾನ್) ಮಾಡಿಸದೆ ಈ ಪರೀಕ್ಷೆ ಬರೆಯುವುದು ವ್ಯರ್ಥ.

ರಕ್ತದ ಲೆಕ್ಕ ನೋಡಿ. 800 ಗ್ರಾಂ ತೂಕದ ಕೂಸಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 70 ಎಂಎಲ್. ಒಂದು ಎಂಎಲ್ ತೆಗೆದರೆ ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋಯಿತು. ಲ್ಯಾಬ್ ಯಂತ್ರ ನಿಜಕ್ಕೂ ಹೀರುವುದು ಒಂದು ಹನಿಗಿಂತ ಕಡಿಮೆ, ಆದರೆ ದೊಡ್ಡವರ ಟ್ಯೂಬ್ ಕೊಟ್ಟು "ಎರಡು ಎಂಎಲ್ ತುಂಬಿ" ಎನ್ನುವ ಲ್ಯಾಬ್‌ಗಳೇ ಹೆಚ್ಚು. ಮಕ್ಕಳ ಮೈಕ್ರೋಟ್ಯೂಬ್ ಕೇಳಿ ಪಡೆಯಿರಿ, ಬೇರೆ ಪರೀಕ್ಷೆಗೆ ತೆಗೆದ ಮಾದರಿಯಲ್ಲೇ ಸೇರಿಸಿಬಿಡಿ. ಹಾಸಿಗೆ ಪಕ್ಕ ಇಡುವ ಕೋಬಾಸ್ ಎಚ್ 232 ಯಂತ್ರಕ್ಕೆ 150 ಮೈಕ್ರೋಲೀಟರ್ ಹೆಪಾರಿನ್ ಹಾಕಿದ ರಕ್ತ ಸಾಕು, 12 ನಿಮಿಷಕ್ಕೆ ಉತ್ತರ. ತೊಡಕು ಏನೆಂದರೆ ಅದರ ಅಳತೆ ಮಿಲಿಲೀಟರಿಗೆ 9,000 ಪಿಕೋಗ್ರಾಂಗೆ ನಿಂತುಬಿಡುತ್ತದೆ. ಮೊದಲ ಮೂರು ದಿನ ಅವಧಿಪೂರ್ವ ಶಿಶುಗಳಲ್ಲಿ ಸಂಖ್ಯೆ ಹತ್ತು ಸಾವಿರ ದಾಟುವುದು ಅಪರೂಪವೇನಲ್ಲ. ಎಲೆಕ್ಸಿಸ್ ಲ್ಯಾಬ್ ಪರೀಕ್ಷೆ 35,000ದವರೆಗೆ ಅಳೆಯುತ್ತದೆ, ನವಜಾತರಿಗೆ ಅದೇ ಸರಿ.

ವರದಿಯ ಬಲಗಡೆ "125ಕ್ಕಿಂತ ಕಡಿಮೆ" ಎಂದು ಅಚ್ಚಾಗಿರುತ್ತದೆ, ಪಕ್ಕದಲ್ಲಿ ದಪ್ಪಕ್ಷರದ 6,800. ಆ 125 ದೊಡ್ಡವರ ಮಿತಿ. ನೋಡಿದ ತಂದೆತಾಯಿಯ ಎದೆ ಧಸಕ್ಕೆನ್ನುವುದು ಸಹಜ, ಆದರೆ ಮೂರನೇ ದಿನದ ಕೂಸಿಗೆ ಆ ಹೋಲಿಕೆಗೆ ಅರ್ಥವೇ ಇಲ್ಲ. ಆರೋಗ್ಯವಂತ ನವಜಾತನಲ್ಲೂ ಮೊದಲ ದಿನಗಳಲ್ಲಿ ಮಟ್ಟ ಮೇಲಿದ್ದು, ವಾರದೊಳಗೆ ಇಳಿಯುತ್ತದೆ. ನೋಡಬೇಕಾದ್ದು ಇಳಿಯುತ್ತಿದೆಯೇ ಎಂಬುದನ್ನು. ಒಂದೇ ಸಲದ ಸಂಖ್ಯೆಗೆ ಬೆಲೆ ಕಡಿಮೆ.

ಇನ್ನು ಇದರ ಎದುರಾಳಿ, ಅದೂ ಬಿಟ್ಟಿ. ಅಮೆರಿಕದ ಎನ್‌ಐಸಿಎಚ್‌ಡಿ ನವಜಾತ ಶಿಶು ಸಂಶೋಧನಾ ಜಾಲ 2011ರಲ್ಲಿ ತಂದ ಬಿಪಿಡಿ ಕ್ಯಾಲ್ಕುಲೇಟರ್ ಗರ್ಭದ ವಾರ, ಹುಟ್ಟುತೂಕ, ಲಿಂಗ, ಜನಾಂಗ, ಉಸಿರಾಟದ ಆಸರೆ, ಆಮ್ಲಜನಕದ ಪ್ರಮಾಣ ಇಷ್ಟನ್ನೇ ಕೇಳುತ್ತಿತ್ತು. 2022ರಲ್ಲಿ ಅದನ್ನು 29 ವಾರಕ್ಕೆ ಮೊದಲು ಹುಟ್ಟಿದವರಿಗಾಗಿ ಪರಿಷ್ಕರಿಸಿದ್ದಾರೆ. ಒಂದು ತೊಟ್ಟು ರಕ್ತ ಬೇಡ. ಕುಂದು ಇಲ್ಲದಿಲ್ಲ: 2011ರ ಆವೃತ್ತಿಯ ಜನಾಂಗದ ಕಾಲಂನಲ್ಲಿ ಭಾರತೀಯ ಕೂಸಿಗೆ ಜಾಗವೇ ಇರಲಿಲ್ಲ. ಗರ್ಭದ ವಾರವನ್ನೂ ಮೊದಲ ಮೂರು ತಿಂಗಳ ಸ್ಕ್ಯಾನ್‌ನಿಂದಲೇ ಹಾಕಬೇಕು. ಅಂದಾಜಿನ ಮುಟ್ಟಿನ ದಿನಾಂಕ ನೆಚ್ಚಿ ಒಂದು ವಾರ ತಪ್ಪಿದರೆ ಫಲಿತಾಂಶವೇ ಬೇರೆ. ಹಾಗಿದ್ದೂ ರಕ್ತದ ಗುರುತುಗಳು ಇಂಥ ಸಾದಾ ಮಾಹಿತಿಯನ್ನು ದೊಡ್ಡ ಅಂತರದಲ್ಲಿ ಸೋಲಿಸಿಲ್ಲ. ಅದೇ ಜಾಲ 1,067 ಕೂಸುಗಳ ಸೈಟೋಕೈನ್‌ಗಳನ್ನು (ಇಂಟರ್‌ಲ್ಯೂಕಿನ್‌ಗಳಂಥ ಉರಿಯೂತದ ಗುರುತುಗಳು) ಅಳೆದು 2009ರಲ್ಲಿ ಹೇಳಿದ್ದೂ ಇದನ್ನೇ: ಸೈಟೋಕೈನ್ ಸೇರಿಸಿದರೆ ಊಹೆ ಸುಧಾರಿಸುತ್ತದೆ, ಚಿಕಿತ್ಸೆಯ ದೃಷ್ಟಿಯಿಂದ ಅಲ್ಪವೇ.

ಊಹೆ ಯಾಕೆ ಬೇಕು? ಡೆಕ್ಸಾಮೆಥಾಸೋನ್ (ಒಂದು ಸ್ಟೀರಾಯ್ಡ್ ಔಷಧ) ಕೊಡಬೇಕೇ ಬೇಡವೇ ಎಂಬ ನಿರ್ಧಾರಕ್ಕೆ. ಬಿಪಿಡಿ ಅಪಾಯ ಕಡಿಮೆ ಇರುವ ಕೂಸಿಗೆ ಕೊಟ್ಟರೆ ಸೆರೆಬ್ರಲ್ ಪಾಲ್ಸಿಯ (ಮಿದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಕುಂದುವುದು) ಭಯ, ಅಪಾಯ ತುಂಬಾ ಹೆಚ್ಚಿದ್ದರೆ ಲಾಭ. ಇಂಥ ತೀರ್ಮಾನವನ್ನು ಎನ್‌ಟಿ-ಪ್ರೊಬಿಎನ್‌ಪಿ ಒಂದರ ಮೇಲೆ ನಿಲ್ಲಿಸಬಾರದು.

ಈ ಪರೀಕ್ಷೆ ನಿಜವಾಗಿ ದುಡಿಯುವುದು ತಡವಾಗಿ. ಬಿಪಿಡಿ ಖಚಿತವಾದ ಮೇಲೆ, 36 ವಾರದ ಹೊತ್ತಿಗೆ, ಎಕೋ ಜೊತೆಗೆ ಒಮ್ಮೆ ಮಾಡಿಸಿಟ್ಟರೆ ಪಲ್ಮನರಿ ಹೈಪರ್‌ಟೆನ್ಷನ್ (ಶ್ವಾಸಕೋಶದ ರಕ್ತನಾಳಗಳಲ್ಲಿ ಏರಿದ ಒತ್ತಡ) ನಿಗಾಕ್ಕೆ ಅದು ಆಧಾರರೇಖೆ. ಮುಂದೆ ಸಂಖ್ಯೆ ಏರತೊಡಗಿದರೆ ಎಕೋ ಮುಂಚಿತವಾಗಿ ಮಾಡಿಸಲು ಕಾರಣ ಸಿಗುತ್ತದೆ. ಅದಕ್ಕೆ ಪ್ರತಿಸಲ ಅದೇ ಲ್ಯಾಬ್, ಅದೇ ಯಂತ್ರ ಇರಲಿ. ಬಿಎನ್‌ಪಿ ವರದಿಯನ್ನು ಎನ್‌ಟಿ-ಪ್ರೊಬಿಎನ್‌ಪಿ ಪಕ್ಕ ಇಟ್ಟು ಹೋಲಿಸಬೇಡಿ, ಅವೆರಡರ ಅಳತೆ ಬೇರೆ. ಲೀಟರಿಗೆ ಪಿಕೋಮೋಲ್ ಲೆಕ್ಕದಲ್ಲಿ ಎನ್‌ಟಿ-ಪ್ರೊಬಿಎನ್‌ಪಿ ವರದಿ ಬಂದರೆ 8.457ರಿಂದ ಗುಣಿಸಿ, ಮಿಲಿಲೀಟರಿಗೆ ಪಿಕೋಗ್ರಾಂ ಸಿಗುತ್ತದೆ.