ಮಾಡೆಲ್ ರೈಲಿನ ಪಾಯಿಂಟ್ ಮಾಡುತ್ತಿದ್ದೀರಾ? ಆಸಿಡ್ ಫ್ಲಕ್ಸ್ ಮುಟ್ಟಬೇಡಿ

ಮನೆಯಲ್ಲೇ ಹಳಿ ಬೆಸೆದು ಪಾಯಿಂಟ್ (ಗಾಡಿ ಹಳಿ ಬದಲಿಸುವ ಜಾಗ) ಮಾಡಲು ಹೊರಟಿರುವವರು ದಯವಿಟ್ಟು ಇದನ್ನು ಓದಿ. ನನ್ನ ನಾಲ್ಕು ತಿಂಗಳ ಕೆಲಸ ಒಂದೇ ಮಳೆಗಾಲದಲ್ಲಿ ಹಾಳಾಯಿತು.

ನಮ್ಮ ಚಿಕ್ಕಮಗಳೂರಿಗೆ ರೈಲು ಬಂದಿದ್ದೇ 2013ರಲ್ಲಿ. ಚಿಕ್ಕವನಿದ್ದಾಗ ರೈಲು ನೋಡಲು ಕಡೂರಿಗೇ ಹೋಗಬೇಕಿತ್ತು. ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗ ಇದೆಯಲ್ವಾ, ಅದನ್ನೇ ನೋಡುತ್ತ ನಿಲ್ಲುತ್ತಿದ್ದೆ. ಅದನ್ನು ಮಾಡೆಲ್ ರೈಲಿನ ಎಚ್‌ಒ ಅಳತೆಯಲ್ಲಿ, ಅಂದರೆ ಎರಡು ಹಳಿಯ ನಡುವೆ 16.5 ಮಿ.ಮೀ. ಅಂತರವಿಟ್ಟು, ಕೈಯಾರೆ ಮಾಡಬೇಕೆಂಬುದು ಬಹಳ ದಿನದ ಆಸೆ.

ಪಿಸಿಬಿ ಹಾಳೆಯನ್ನು (ಸರ್ಕ್ಯೂಟ್ ಬೋರ್ಡಿನ ತಾಮ್ರ ಹಚ್ಚಿದ ಹಾಳೆ) ಸ್ಲೀಪರ್‌ನಷ್ಟು, ಅಂದರೆ ಹಳಿಯಡಿಯ ಅಡ್ಡಪಟ್ಟಿಯಷ್ಟು, ಅಗಲಕ್ಕೆ ಕತ್ತರಿಸಿ, ಅದರ ತಾಮ್ರದ ಮೇಲೆ ನಿಕಲ್ ಸಿಲ್ವರ್ ಹಳಿ ಬೆಸೆಯುವುದು. ಪ್ರತಿ ಸ್ಲೀಪರ್‌ನ ತಾಮ್ರವನ್ನು ನಡುವೆ ಗೀರಿ ಬೇರ್ಪಡಿಸಬೇಕು, ಇಲ್ಲದಿದ್ದರೆ ಎಂಜಿನ್‌ಗೆ ಕರೆಂಟ್ ಕೊಡುವ ಎರಡು ಹಳಿಯೂ ಶಾರ್ಟ್ ಆಗುತ್ತವೆ. ಇದೆಲ್ಲ ಸರಿಯಾಗಿಯೇ ಮಾಡಿದ್ದೆ. ಬ್ಲೇಡಿನ (ಪಾಯಿಂಟಿನಲ್ಲಿ ಪಕ್ಕಕ್ಕೆ ಸರಿದು ಗಾಡಿಯನ್ನು ತಿರುಗಿಸುವ ಹಳಿ ತುಂಡು) ತುದಿಯನ್ನು ಅರದಲ್ಲಿ ಉಜ್ಜಿ ತೆಳ್ಳಗೆ ಮಾಡಲು ಒಂದೊಂದಕ್ಕೂ ಒಂದು ಸಂಜೆ ಹಿಡಿಯುತ್ತಿತ್ತು.

ಆದರೆ ಸೋಲ್ಡರ್ (ಕರಗಿಸಿ ಬೆಸೆಯುವ ಲೋಹ) ಹಳಿಗೆ ಕೂರುತ್ತಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದೆ. ರೇಡಿಯೇಟರ್ ಬೆಸುಗೆಯ ಆಸಿಡ್ ಫ್ಲಕ್ಸ್ (ಸೋಲ್ಡರ್ ಹಿಡಿಯಲೆಂದು ಲೋಹಕ್ಕೆ ಹಚ್ಚುವುದು) ಬಾಟಲಿ ಕೊಟ್ಟು, "ಇದು ಹಾಕಿ ಸಾರ್, ಯಾವುದಕ್ಕಾದ್ರೂ ಹಿಡಿಯತ್ತೆ" ಅಂದರು. ಹಿಡಿಯಿತು ಕೂಡ. ಆ ಖುಷಿಯಲ್ಲಿ ಮೂರು ಪಾಯಿಂಟ್ ಮುಗಿಸಿದೆ. ಪಾತ್ರೆಗೆ ಕಲಾಯಿ ಹಾಕುವಾಗ ನವಸಾಗರದ ಬಿಳಿ ಹೊಗೆ ಏಳುತ್ತದಲ್ಲ, ಹಾಗೇ ಹೊಗೆ ಬರುತ್ತಿತ್ತು. ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಕ್ಕನ ಮಗ ಕಣ್ಣು ಉರಿ ಅಂತ ಅತ್ತ. ಅವತ್ತೇ ನಿಲ್ಲಿಸಬೇಕಿತ್ತು. ನಿಲ್ಲಿಸದಿದ್ದಕ್ಕೆ ಈಗಲೂ ಮನಸ್ಸು ಚುರ್ ಅನ್ನುತ್ತದೆ.

ಜುಲೈ ಮಳೆ ಹಿಡಿಯಿತು. ಬೆಸುಗೆಯ ಸುತ್ತ ಹಸಿರು ಕಿಲುಬು ಬಂತು. ಎಂಜಿನ್ ಪಾಯಿಂಟ್ ಮೇಲೆ ಬಂದರೆ ತಡವರಿಸಿ ನಿಲ್ಲುತ್ತಿತ್ತು. ಮೀಟರ್ ಹಚ್ಚಿ ನೋಡಿದರೆ ಗೀರಿ ಬೇರ್ಪಡಿಸಿದ ಜಾಗದಲ್ಲೂ ಕರೆಂಟ್ ಸೋರುತ್ತಿದೆ! ಆ ಆಸಿಡ್‌ನಲ್ಲಿರುವುದು ಜಿಂಕ್ ಕ್ಲೋರೈಡ್. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರು ಬಿಡುತ್ತದಲ್ಲ, ಹಾಗೆ. ಆ ನೀರೇ ಕರೆಂಟಿಗೆ ದಾರಿ, ಲೋಹಕ್ಕೆ ತುಕ್ಕು. ಬ್ಲೇಡಿನ ಸಣ್ಣ ಬೆಸುಗೆಗಳು ಕೈಗೇ ಕಿತ್ತು ಬಂದವು. ಬಾಟಲಿ ಇಟ್ಟಿದ್ದ ಡ್ರಾಯರ್‌ನ ಅರಗಳಿಗೆಲ್ಲ ತುಕ್ಕು. ಅಡುಗೆ ಸೋಡಾ ನೀರಲ್ಲಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ಉಜ್ಜಿ ಒಂದೇ ಒಂದು ಪಾಯಿಂಟ್ ಉಳಿಯಿತು.

ಸೋಲ್ಡರ್ ಯಾಕೆ ಕೂರುತ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಹಳಿಯ ತಳವನ್ನು ನಾನು ಉಜ್ಜಿಯೇ ಇರಲಿಲ್ಲ. ಸಣ್ಣ ಎಮರಿ ಪೇಪರ್‌ನಲ್ಲಿ ಹೊಳೆಯುವ ತನಕ ಉಜ್ಜಿದರೆ, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ರೋಸಿನ್ ಫ್ಲಕ್ಸ್ ಸಾಕು. ಬೆಸೆದ ಮೇಲೆ ಅದನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಕಿಟಕಿ ತೆರೆದಿಡಿ, ಮಕ್ಕಳನ್ನು ದೂರ ಕೂರಿಸಿ. ಯಾರೇ ಯಾವ ಬಾಟಲಿ ಕೊಟ್ಟರೂ ಲೇಬಲ್ ಓದಿ. ಜಿಂಕ್ ಕ್ಲೋರೈಡ್ ಅಂತ ಇದ್ದರೆ ಅಲ್ಲೇ ವಾಪಸ್ ಕೊಟ್ಟು ಬನ್ನಿ.