ಲೇಹ್ ಚಳಿಗೆ ಟ್ರಾಕ್ಟರ್: ಚಳಿಗಾಲದ ಡೀಸೆಲ್, ಆಂಟಿ-ಜೆಲ್, ಸೀಮೆಎಣ್ಣೆ, ಯಾವುದು ಸರಿ?

ಲೇಹ್‌ನಲ್ಲಿ ರಾತ್ರಿ ಮೈನಸ್ 20 ಡಿಗ್ರಿ ಆದಾಗ ಸಾಮಾನ್ಯ ಡೀಸೆಲ್‌ನೊಳಗಿನ ಮೇಣ ಹರಳುಗಟ್ಟಿ ಫಿಲ್ಟರ್ ಮುಚ್ಚುತ್ತದೆ. ಇಂಜಿನ್ ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೇ ಉಸಿರುಗಟ್ಟಿ ನಿಂತರೆ ಮೊದಲು ಇದನ್ನೇ ಅನುಮಾನಿಸಿ.

ಸಿಗುವುದಾದರೆ ಚಳಿಗಾಲದ ಡೀಸೆಲ್ಲೇ ಉತ್ತಮ. ಇಂಡಿಯನ್ ಆಯಿಲ್ 2019ರಲ್ಲಿ ಲಡಾಖ್‌ಗೆಂದು ತಂದದ್ದು ಮೈನಸ್ 33 ಡಿಗ್ರಿಯಲ್ಲೂ ಹರಿಯುತ್ತದೆ. ಆದರೆ ಟ್ಯಾಂಕಿನಲ್ಲಿ ಹಳೆಯ ಡೀಸೆಲ್ ಅರ್ಧ ಉಳಿದಿದ್ದರೆ ಆ ಗುಣ ಕೆಡುತ್ತದೆ. ಹಳೆಯದನ್ನು ಮುಗಿಸಿ, ಹೊಸದು ತುಂಬಿಸಿ, ಹತ್ತು ಹದಿನೈದು ನಿಮಿಷ ಇಂಜಿನ್ ಓಡಿಸಿ. ಫಿಲ್ಟರ್‌ಗೂ, ಉಳಿದ ಡೀಸೆಲ್ ಟ್ಯಾಂಕಿಗೆ ಮರಳುವ ರಿಟರ್ನ್ ಪೈಪಿಗೂ ಅದು ತಲುಪಬೇಕು.

ಡೀಸೆಲ್ ಚಳಿಗೆ ಗಟ್ಟಿಯಾಗದಂತೆ ಬೆರೆಸುವ ಆಂಟಿ-ಜೆಲ್ ದ್ರಾವಣ ಎರಡನೆಯ ಆಯ್ಕೆ. ಡೀಸೆಲ್ ಇನ್ನೂ ತಿಳಿಯಾಗಿರುವಾಗಲೇ, ಡಬ್ಬಿಯ ಮೇಲಿನ ಪ್ರಮಾಣದಲ್ಲಿ ಹಾಕಿ, ಮೇಲಿಂದ ಡೀಸೆಲ್ ಸುರಿದರೆ ಚೆನ್ನಾಗಿ ಬೆರೆಯುತ್ತದೆ. ಮೇಣ ಕಟ್ಟಿದ ಮೇಲೆ ಹಾಕಿದರೆ ಕರಗಿಸುವುದಿಲ್ಲ.

ಸೀಮೆಎಣ್ಣೆ ಡೀಸೆಲನ್ನು ತೆಳುವಾಗಿಸುತ್ತದೆ ನಿಜ, ಆದರೆ ಪಂಪು, ಇಂಜೆಕ್ಟರ್‌ಗಳಿಗೆ ಬೇಕಾದ ಜಿಡ್ಡನ್ನೂ ಕಳೆಯುತ್ತದೆ. ಕಾಮನ್ ರೈಲ್ (ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರ್‌ಗಳಿಗೂ ಭಾರಿ ಒತ್ತಡದಲ್ಲಿ ಡೀಸೆಲ್ ಕೊಡುವ) ಟ್ರಾಕ್ಟರ್‌ಗೆ ಬೇಡವೇ ಬೇಡ. ಪೆಟ್ರೋಲ್ ಅಂತೂ ಯಾವುದಕ್ಕೂ ಬೇಡ.

ಇವುಗಳಲ್ಲಿ ಯಾವುದನ್ನೇ ಕೊಳ್ಳುವ ಮುನ್ನ ಫಿಲ್ಟರ್ ಬಿಚ್ಚಿ ನೋಡಿ. ಬಿಳಿ ಮೇಣ ಅಂಟಿದ್ದರೆ ಮೇಲಿನ ಮಾತು. ಫಿಲ್ಟರ್ ಕೆಳಗಿನ ಬಟ್ಟಲಿನ ತಳದಲ್ಲಿ ಐಸ್ ಇದ್ದರೆ ತೊಂದರೆ ನೀರಿನದು: ಬೆಚ್ಚಗಿನ ಜಾಗದಲ್ಲಿ ಕರಗಿಸಿ, ಕೆಳಗಿನ ತಿರುಪಿನಿಂದ ನೀರು ಬಿಡಿ. ಬೆಂಕಿ ಹಿಡಿಯಬೇಡಿ. ಹೊಸ ಫಿಲ್ಟರ್ ಹಾಕಿದ ಮೇಲೆ ಒಳಗಿನ ಗಾಳಿ ಬಿಡುವ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪಂಪ್ ಒತ್ತಿ.

ಬೀದರ್‌ನ 10 ಡಿಗ್ರಿಯ ಮುಂಜಾವಿಗೆ ಈ ಖರ್ಚು ಯಾವುದೂ ಬೇಡ. ಅಲ್ಲಿ ಬ್ಯಾಟರಿ, ಪೈಪಿನ ಗಾಳಿ ಸೋರಿಕೆ ನೋಡಿ.